ಕತ್ತಲಕೋಣೆಗೆ ಮರಳಿದ ಚಿತ್ರಗಳು

ನಮ್ಮ ಮನೆಯ ಹಳೆಯ ಟ್ರಂಕಿನಲ್ಲಿ ಅಜ್ಜಿಯ ಒಂದು ಫೋಟೊ ಇದೆ. ಒಂದೇ ಒಂದು. ಹೆಬ್ಬೆರಳಿಗಿಂತ ತುಸು ದೊಡ್ಡದು, ಅಷ್ಟೆ. ಹಜ್ ಯಾತ್ರೆಯ ಅರ್ಜಿಗೆ ಫೋಟೊ ಇಲ್ಲದೆ ಆಗುವುದಿಲ್ಲ ಎಂದಾಗ ಅಜ್ಜಿ ಬದುಕಿನಲ್ಲಿ ಮೊದಲ ಸಲ ಸ್ಟುಡಿಯೋದ ಮೆಟ್ಟಿಲು ಹತ್ತಿದ್ದರಂತೆ. ಪಟ ತೆಗೆಸಿಕೊಳ್ಳುವ ಸಂಕೋಚ ಅವರ ಮುಖದಲ್ಲಿ ಇನ್ನೂ ಹಾಗೆಯೇ ಇದೆ. ಆ ತಲೆಮಾರಿನ ಎಷ್ಟೋ ಮುಸ್ಲಿಂ ಮನೆಗಳಲ್ಲಿ ಹಿರಿಯರ ಮುಖ ಉಳಿದುಕೊಂಡದ್ದು ಹೀಗೆಯೇ: ಹಜ್‌ನ ಕಾಗದದಲ್ಲಿ, ಗಲ್ಫಿಗೆ ಹೋಗುವ ಪಾಸ್‌ಪೋರ್ಟಿನಲ್ಲಿ, ಇಲ್ಲವೇ 1993ರ ನಂತರ ಬಂದ ಮತದಾರರ ಗುರುತಿನ ಚೀಟಿಯಲ್ಲಿ.

ಅದೇ ಮನೆಯಲ್ಲಿ ಈಗ ಐದು ವರ್ಷದ ಒಂದು ಮಗು ಇದೆ. ಅದರ ಚಿತ್ರಗಳು ಅಪ್ಪ ಅಮ್ಮನ ಫೋನುಗಳಲ್ಲಿ ಸಾವಿರಗಟ್ಟಲೆ ಇವೆ. ಹಲ್ಲು ಬಂದದ್ದು, ನಡೆದದ್ದು, ಈದ್‌ನ ಹೊಸಬಟ್ಟೆ ತೊಟ್ಟದ್ದು ಎಲ್ಲವೂ ಇವೆ. ಆದರೆ ಕಾಗದದ ಮೇಲೆ ಒಂದೂ ಇಲ್ಲ. ಇನ್ನು ಐವತ್ತು ವರ್ಷಗಳ ನಂತರ ಯಾರಾದರೂ ಆ ಟ್ರಂಕನ್ನು ತೆರೆದರೆ ಅವರಿಗೆ ಕಾಣುವುದು ಯಾರ ಮುಖ? ಒಂದೇ ಫೋಟೊ ಇದ್ದ ಅಜ್ಜಿಯದೇ? ಸಾವಿರ ಫೋಟೊಗಳಿರುವ ಮಗುವಿನದೇ?

ಈ ಪ್ರಶ್ನೆ ನಮ್ಮನ್ನು ಒಂದು ವಿಚಿತ್ರವಾದ ಕಸುಬಿನ ಇತಿಹಾಸದ ಕಡೆಗೆ ಎಳೆದೊಯ್ಯಿತು. ಡಿಜಿಟಲ್ ಕ್ಯಾಮರಾದಲ್ಲಿ ತೆಗೆದ ಚಿತ್ರಕ್ಕೆ ಹಳೆಯ ಕಾಲದಂತೆ ನೆಗೆಟಿವ್ ಮಾಡಿ, ಕತ್ತಲಕೋಣೆಯಲ್ಲಿ ರಾಸಾಯನಿಕ ಬಳಿದ ಕಾಗದದ ಮೇಲೆ ಬೆಳಕಿನಿಂದ ಅದನ್ನು ಅಚ್ಚೊತ್ತುವ ಕಸುಬು ಅದು. ಕೇಳಿದವರು ನಗಬಹುದು. ಕಾರು ಇರುವಾಗ ಅದಕ್ಕೆ ಎತ್ತು ಕಟ್ಟಿದ ಹಾಗಾಯಿತಲ್ಲ ಎನ್ನಬಹುದು. ನಮಗೂ ಮೊದಲು ಹಾಗೆಯೇ ಅನ್ನಿಸಿತ್ತು. ಆದರೆ ಫೋಟೊಗ್ರಫಿಯ ಚರಿತ್ರೆಯನ್ನು ಹಿಂದಕ್ಕೆ ಓದುತ್ತಾ ಹೋದಂತೆ, ಈ ಕಸುಬು ಕೇವಲ ಹಳತಿನ ಹಂಬಲವಲ್ಲ, ಆ ಕಲೆಯ ಮೂಲ ಸಮಸ್ಯೆಗೆ ಕೊಟ್ಟ ಇನ್ನೊಂದು ಉತ್ತರ ಎಂಬುದು ಮನದಟ್ಟಾಯಿತು.

ಹಿಡಿದಿಡುವ ಸಮಸ್ಯೆ

ಚಿತ್ರ ಮೂಡಿಸುವುದು ಯಾವತ್ತೂ ದೊಡ್ಡ ಸಮಸ್ಯೆಯಾಗಿರಲಿಲ್ಲ. ಅದನ್ನು ಹಿಡಿದಿಡುವುದೇ ಸಮಸ್ಯೆಯಾಗಿತ್ತು. ಬಸ್ರಾದಲ್ಲಿ ಹುಟ್ಟಿ ಕೈರೋದಲ್ಲಿ ಬದುಕಿದ ಇಬ್ನುಲ್ ಹೈಸಮ್ 11ನೆಯ ಶತಮಾನದಲ್ಲಿ ಬರೆದ 'ಕಿತಾಬುಲ್ ಮನಾಝಿರ್' ಎಂಬ ದೃಗ್ವಿಜ್ಞಾನದ ಗ್ರಂಥದಲ್ಲಿ ಒಂದು ಪ್ರಯೋಗವಿದೆ. ಸಣ್ಣ ರಂಧ್ರವೊಂದರ ಎದುರು ಹಲವು ದೀಪಗಳನ್ನಿಟ್ಟರೆ ಒಳಗಿನ ಕತ್ತಲೆಯ ಗೋಡೆಯ ಮೇಲೆ ಅಷ್ಟೇ ಬೆಳಕಿನ ಬೊಟ್ಟುಗಳು ಬೀಳುತ್ತವೆ. ಒಂದು ದೀಪವನ್ನು ಮರೆಮಾಡಿದರೆ ಅದರ ಬೊಟ್ಟು ಮಾತ್ರ ಮಾಯವಾಗುತ್ತದೆ. ಬೆಳಕಿನ ಕಿರಣಗಳು ಒಂದರೊಳಗೊಂದು ಬೆರೆಯದೆ ನೇರವಾಗಿ ಸಾಗುತ್ತವೆ ಎಂಬುದಕ್ಕೆ ಅದು ಸಾಕ್ಷಿಯಾಗಿತ್ತು. ಕ್ಯಾಮರಾದ ತತ್ವ ಅಲ್ಲೇ ಇದೆ. ಆದರೆ ಗೋಡೆಯ ಮೇಲೆ ಬಿದ್ದ ಆ ಬೆಳಕು ಅಲ್ಲಿ ನಿಲ್ಲುತ್ತಿರಲಿಲ್ಲ.

ಅದನ್ನು ನಿಲ್ಲಿಸಲು ಮನುಷ್ಯನಿಗೆ ಇನ್ನೂ ಎಂಟುನೂರು ವರ್ಷ ಬೇಕಾಯಿತು. 1802ರಲ್ಲಿ ಇಂಗ್ಲೆಂಡಿನ ಥಾಮಸ್ ವೆಜ್‌ವುಡ್ ಮತ್ತು ಹಂಫ್ರಿ ಡೇವಿ ಸಿಲ್ವರ್ ನೈಟ್ರೇಟ್ ಹಚ್ಚಿದ ಕಾಗದ ಹಾಗೂ ಚರ್ಮದ ಮೇಲೆ ಎಲೆಗಳ ನೆರಳನ್ನೂ ಗಾಜಿನ ಮೇಲಿನ ಚಿತ್ರಗಳ ಪ್ರತಿಯನ್ನೂ ಮೂಡಿಸಿದ ವರದಿ ಪ್ರಕಟವಾಯಿತು. ಬೆಳ್ಳಿಯ ಲವಣಕ್ಕೆ ಬೆಳಕು ತಾಗಿದರೆ ಅದು ಕಪ್ಪಾಗುತ್ತದೆ. ಆದರೆ ಆ ಕಪ್ಪಾಗುವಿಕೆಯನ್ನು ನಿಲ್ಲಿಸುವ ಉಪಾಯ ಅವರಿಗೆ ತಿಳಿಯಲಿಲ್ಲ. ಹಗಲಿಗೆ ತಂದರೆ ಇಡೀ ಕಾಗದವೇ ಕಪ್ಪಾಗಿ ಚಿತ್ರ ಮುಳುಗಿಹೋಗುತ್ತಿತ್ತು. ನೋಡಬೇಕಾದರೆ ಮೋಂಬತ್ತಿಯ ಮಂದ ಬೆಳಕಿನಲ್ಲಿ ನೋಡಿ ಮತ್ತೆ ಕತ್ತಲಲ್ಲಿ ಅಡಗಿಸಿಡಬೇಕಿತ್ತು. ನೋಡಿದರೆ ಸಾಯುವ ಚಿತ್ರ ಅದು.

1833ರಲ್ಲಿ ವಿಲಿಯಂ ಹೆನ್ರಿ ಫಾಕ್ಸ್ ಟಾಲ್ಬಟ್ ಎಂಬ ಇಂಗ್ಲಿಷ್ ಜಮೀನ್ದಾರ ಇಟಲಿಯ ಕೋಮೋ ಸರೋವರದ ದಂಡೆಯಲ್ಲಿ ಕುಳಿತು ನಿಸರ್ಗದ ಚಿತ್ರ ಬಿಡಿಸಲು ಹೆಣಗಿದ. ಸಲಕರಣೆಯ ಸಹಾಯವಿದ್ದರೂ ಅವನ ಕೈಗೆ ಚಿತ್ರ ಒಲಿಯಲಿಲ್ಲ. ಬೆಳಕೇ ತನ್ನ ಚಿತ್ರವನ್ನು ಕಾಗದದ ಮೇಲೆ ಬರೆದರೆ ಹೇಗೆ ಎಂಬ ಯೋಚನೆ ಅಲ್ಲಿ ಹುಟ್ಟಿತು. 1835ರ ಆಗಸ್ಟಿನಲ್ಲಿ ಅವನು ತನ್ನ ಲೇಕಾಕ್ ಅಬೆ ಎಂಬ ಮನೆಯ ಒಂದು ಕಿಟಕಿಯ ಚಿತ್ರ ತೆಗೆದ. ಅಂಚೆಚೀಟಿಗಿಂತ ಸ್ವಲ್ಪ ದೊಡ್ಡದಾದ ಆ ಕಾಗದದ ತುಂಡಿನಲ್ಲಿ ಕಿಟಕಿಯ ಸುಮಾರು 200 ಗಾಜಿನ ಚೂರುಗಳನ್ನು ಭೂತಗನ್ನಡಿ ಹಿಡಿದು ಎಣಿಸಬಹುದಿತ್ತು ಎಂದು ಅವನು ಬರೆದಿಟ್ಟಿದ್ದಾನೆ. ಜಗತ್ತಿನಲ್ಲಿ ಇಂದು ಉಳಿದಿರುವ ಅತ್ಯಂತ ಹಳೆಯ ಕ್ಯಾಮರಾ ನೆಗೆಟಿವ್ ಅದೇ.

1839ರಲ್ಲಿ ಫ್ರಾನ್ಸಿನ ಲೂಯಿ ದಾಗೇರ್ ತನ್ನ ವಿಧಾನವನ್ನು ಲೋಕಕ್ಕೆ ತೋರಿಸಿದ. ಬೆಳ್ಳಿ ಲೇಪಿಸಿದ ತಾಮ್ರದ ತಗಡಿನ ಮೇಲೆ ಮೂಡುತ್ತಿದ್ದ ಅವನ ಚಿತ್ರಗಳು ಟಾಲ್ಬಟ್‌ನ ಕಾಗದದ ಚಿತ್ರಗಳಿಗಿಂತ ಎಷ್ಟೋ ಪಾಲು ಸ್ಪಷ್ಟವಾಗಿದ್ದವು. ಆದರೆ ಒಂದು ತಗಡು ಅಂದರೆ ಒಂದೇ ಚಿತ್ರ. ಅದರ ಪ್ರತಿ ತೆಗೆಯುವಂತಿರಲಿಲ್ಲ. ಟಾಲ್ಬಟ್‌ನ ಕಾಗದದಲ್ಲಾದರೋ ಕಪ್ಪು ಬಿಳಿಯಾಗಿ, ಬಿಳಿ ಕಪ್ಪಾಗಿ ಚಿತ್ರ ತಲೆಕೆಳಗಾಗಿರುತ್ತಿತ್ತು. ಅದನ್ನು ಇನ್ನೊಂದು ಕಾಗದದ ಮೇಲಿಟ್ಟು ಮತ್ತೆ ಬಿಸಿಲಿಗೊಡ್ಡಿದರೆ ನೇರ ಚಿತ್ರ ಸಿಗುತ್ತಿತ್ತು. ಹತ್ತು ಬೇಕಾದರೆ ಹತ್ತು, ನೂರು ಬೇಕಾದರೆ ನೂರು. ಈ ಜೋಡಿಗೆ ನೆಗೆಟಿವ್, ಪಾಸಿಟಿವ್ ಎಂದು ಹೆಸರಿಟ್ಟವನು ಖಗೋಳ ವಿಜ್ಞಾನಿ ಜಾನ್ ಹರ್ಷೆಲ್. ಹೈಪೋ ಎಂದು ನಮ್ಮ ಸ್ಟುಡಿಯೋದವರು ಕರೆಯುವ ಲವಣದಲ್ಲಿ ಅದ್ದಿದರೆ ಬೆಳಕು ತಾಗದೆ ಉಳಿದ ಬೆಳ್ಳಿ ಕರಗಿ ಹೋಗುತ್ತದೆ, ಚಿತ್ರ ಸ್ಥಿರವಾಗುತ್ತದೆ ಎಂದು ತೋರಿಸಿಕೊಟ್ಟವನೂ ಅವನೇ.

ಫೋಟೊಗ್ರಫಿಯ ಮುಂದಿನ ಒಂದೂವರೆ ಶತಮಾನ ಹೆಚ್ಚುಕಡಿಮೆ ಈ ಜೋಡಿಯ ಕಥೆ. ಮೂಲ ಒಂದು, ಪ್ರತಿಗಳು ಹಲವು. ಮೂಲವನ್ನು ಕಣ್ಣಿನಿಂದ ನೋಡಬಹುದು, ಕೈಯಲ್ಲಿ ಹಿಡಿಯಬಹುದು, ಪೆಟ್ಟಿಗೆಯಲ್ಲಿ ಮುಚ್ಚಿಡಬಹುದು.

ಹಂಪಿಯ ಕಾಗದಗಳು

ಪೆಟ್ಟಿಗೆಯಲ್ಲಿ ಮುಚ್ಚಿಟ್ಟ ನೆಗೆಟಿವ್ ಏನು ಮಾಡಬಲ್ಲದು ಎಂಬುದಕ್ಕೆ ನಮ್ಮ ನಾಡಿನದೇ ಒಂದು ಉದಾಹರಣೆ ಇದೆ. ಟಾಲ್ಬಟ್‌ನ ಕಾಗದದ ನೆಗೆಟಿವ್ ಭಾರತಕ್ಕೆ ಬಂದದ್ದು ಈಸ್ಟ್ ಇಂಡಿಯಾ ಕಂಪೆನಿಯ ಸೇನೆಯ ಅಧಿಕಾರಿಗಳ ಜತೆ. ಕಾಗದಕ್ಕೆ ಮೇಣ ಹಚ್ಚಿ ಪಾರದರ್ಶಕವಾಗಿಸುವ ವಿಧಾನ ನಮ್ಮ ಸೆಖೆಗೂ ದೂಳಿಗೂ ಹೊಂದುತ್ತಿತ್ತು. ಲಿನೇಯಸ್ ಟ್ರೈಪ್ ಎಂಬ ಅಧಿಕಾರಿ 1854ರ ಕೊನೆಯಲ್ಲಿ ಬೇಲೂರು, ಹಳೇಬೀಡುಗಳನ್ನು ಈ ವಿಧಾನದಲ್ಲಿ ಸೆರೆಹಿಡಿದ. 1856ರಲ್ಲಿ ಮದರಾಸು ಸೇನೆಯ ಅಲೆಕ್ಸಾಂಡರ್ ಗ್ರೀನ್‌ಲಾ ಹಂಪಿಯ ಅವಶೇಷಗಳ ನಡುವೆ ತನ್ನ ದೊಡ್ಡ ಕ್ಯಾಮರಾವನ್ನು ಹೊತ್ತು ತಿರುಗಿದ. ಒಂದೊಂದು ನೆಗೆಟಿವ್ ಕೂಡ ಬಹಳ ದೊಡ್ಡದು.

ಆ ಕಾಗದಗಳು ನೂರಕ್ಕೂ ಹೆಚ್ಚು ವರ್ಷ ಯಾರ ಗಮನಕ್ಕೂ ಬಾರದೆ ಇದ್ದವು. 1980ರ ಸುಮಾರಿಗೆ ಅವು ಇಂಗ್ಲೆಂಡಿನಲ್ಲಿ ಮತ್ತೆ ಬೆಳಕಿಗೆ ಬಂದವು. ಆಸ್ಟ್ರೇಲಿಯಾದ ಛಾಯಾಗ್ರಾಹಕ ಜಾನ್ ಗೋಲಿಂಗ್ಸ್ ಅವನ್ನು ಕಂಡು, ಹಂಪಿಗೆ ಬಂದು, ಗ್ರೀನ್‌ಲಾ ನಿಂತ ಜಾಗಗಳನ್ನೇ ಹುಡುಕಿ ಅಲ್ಲಿಂದಲೇ ಮತ್ತೆ ಚಿತ್ರ ತೆಗೆದರು. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದರೆ ಒಂದು ಸಂಗತಿ ಎದ್ದು ಕಾಣುತ್ತದೆ. ವಿಠ್ಠಲ ದೇವಾಲಯದ ಕಲ್ಲಿನ ರಥದ ಮೇಲೆ 1856ರಲ್ಲಿ ಇಟ್ಟಿಗೆಯ ಶಿಖರವೊಂದಿತ್ತು. ನಂತರ ಅದನ್ನು ತೆಗೆದುಹಾಕಲಾಯಿತು. 2017ರಲ್ಲಿ ಬಂದ ಐವತ್ತು ರೂಪಾಯಿಯ ಹೊಸ ನೋಟಿನ ಹಿಂಬದಿಯಲ್ಲಿರುವುದು ಶಿಖರವಿಲ್ಲದ ರಥ. ನಾವೆಲ್ಲ ಮೂಲವೆಂದು ನಂಬಿರುವ ರೂಪ ಮೂಲದ್ದಲ್ಲ ಎಂದು ಹೇಳುವ ಸಾಕ್ಷಿ, ಮೇಣ ಹಚ್ಚಿದ ಒಂದು ಕಾಗದ.

ಇಲ್ಲಿ ನಾವು ಗಮನಿಸಬೇಕಾದ ಮಾತೊಂದಿದೆ. ಆ ನೆಗೆಟಿವ್‌ಗಳನ್ನು ನೂರಿಪ್ಪತ್ತು ವರ್ಷಗಳ ನಂತರ ಓದಲು ಯಾವ ಯಂತ್ರವೂ ಬೇಕಾಗಲಿಲ್ಲ. ಕಿಟಕಿಯ ಬೆಳಕಿಗೆ ಹಿಡಿದರೆ ಸಾಕಿತ್ತು, ಅದು ಹಂಪಿ ಎಂದು ತಿಳಿಯುತ್ತಿತ್ತು.

ಹಾಗೆಂದು ಹಳೆಯ ನೆಗೆಟಿವ್‌ಗಳೆಲ್ಲ ಸತ್ಯಹರಿಶ್ಚಂದ್ರನ ವಂಶದವು ಎಂದು ಭಾವಿಸಬೇಕಾಗಿಲ್ಲ. ಆ ಕಾಲದ ರಾಸಾಯನಿಕಗಳಿಗೆ ನೀಲಿ ಬೆಳಕು ಹೆಚ್ಚಾಗಿ ತಾಗುತ್ತಿದ್ದುದರಿಂದ ಆಕಾಶ ಬರೀ ಬಿಳಿಯಾಗಿ ಮೂಡುತ್ತಿತ್ತು. ಟ್ರೈಪ್ ತನ್ನ ನೆಗೆಟಿವ್‌ಗಳ ಮೇಲೆ ಬಣ್ಣ ಹಚ್ಚಿ ಮೋಡಗಳನ್ನು ತಾನೇ ಬರೆಯುತ್ತಿದ್ದ. ಕಂಪ್ಯೂಟರಿನಲ್ಲಿ ಆಕಾಶ ಬದಲಿಸುವ ಇಂದಿನ ಹುಡುಗರು ಈ ವಿದ್ಯೆಯ ಮೊದಲಿಗರೇನಲ್ಲ. ಸುಳ್ಳು ಹೇಳುವ ಸಾಮರ್ಥ್ಯ ಫೋಟೊಗ್ರಫಿಗೆ ಹುಟ್ಟಿನಿಂದಲೇ ಬಂದದ್ದು. ಆದ್ದರಿಂದ ಡಿಜಿಟಲ್ ಸುಳ್ಳು, ಕತ್ತಲಕೋಣೆ ಸತ್ಯ ಎಂಬ ವಾದವನ್ನು ನಾವು ಇಲ್ಲಿ ಹೂಡುತ್ತಿಲ್ಲ.

ಪೆಟ್ಟಿಗೆಯೊಳಗಿನ ಕತ್ತಲು

ಇಪ್ಪತ್ತನೆಯ ಶತಮಾನದಲ್ಲಿ ಕತ್ತಲಕೋಣೆ ನಮ್ಮ ಸಣ್ಣ ಊರುಗಳಿಗೂ ಬಂತು. ಕೆಂಪು ಬಲ್ಬಿನ ಬೆಳಕು, ಮೂರು ತಟ್ಟೆಗಳು, ಹುಳಿವಾಸನೆ, ತಂತಿಗೆ ಕ್ಲಿಪ್ ಹಾಕಿ ಒಣಗಲು ಬಿಟ್ಟ ಪ್ರಿಂಟುಗಳು. ಉದಕಮಂಡಲದಲ್ಲಿ 1960ರಲ್ಲಿ ಸ್ಥಾಪನೆಯಾದ ಸರಕಾರಿ ಸ್ವಾಮ್ಯದ ಹಿಂದೂಸ್ತಾನ್ ಫೋಟೊ ಫಿಲ್ಮ್ಸ್ ಕಾರ್ಖಾನೆ 'ಇಂದು' ಎಂಬ ಹೆಸರಿನಲ್ಲಿ ಫಿಲ್ಮನ್ನೂ ಫೋಟೊ ಕಾಗದವನ್ನೂ ತಯಾರಿಸುತ್ತಿತ್ತು. ಇಂದು ಅಂದರೆ ಚಂದ್ರ. ಕನ್ನಡದಲ್ಲಿ ಈ ದಿನ ಎಂಬ ಅರ್ಥವೂ ಇದೆ. ಬಣ್ಣದ ಫಿಲ್ಮಿನ ಪೈಪೋಟಿಯಲ್ಲಿ ಹಿಂದೆಬಿದ್ದು 1990ರ ದಶಕದಲ್ಲೇ ರೋಗಗ್ರಸ್ತವಾದ ಆ ಕಾರ್ಖಾನೆ ಕೊನೆಗೆ ಬಾಗಿಲು ಹಾಕಿತು.

ಅಷ್ಟರಲ್ಲಿ ಇನ್ನೊಂದು ಕಥೆ ಶುರುವಾಗಿತ್ತು. 1975ರಲ್ಲಿ ಅಮೆರಿಕದ ಕೊಡಾಕ್ ಕಂಪೆನಿಯ ಎಂಜಿನಿಯರ್ ಸ್ಟೀವನ್ ಸಾಸನ್ ಫಿಲ್ಮ್ ಇಲ್ಲದ ಕ್ಯಾಮರಾವೊಂದನ್ನು ಜೋಡಿಸಿದರು. ನೂರು ಸಾಲು, ಸಾಲಿಗೆ ನೂರು ಚುಕ್ಕೆ, ಒಟ್ಟು 10,000 ಚುಕ್ಕೆಗಳ ಕಪ್ಪುಬಿಳುಪು ಚಿತ್ರ. ಅದನ್ನು ಕ್ಯಾಸೆಟ್ಟಿಗೆ ಬರೆದುಕೊಳ್ಳಲು 23 ಸೆಕೆಂಡು ಹಿಡಿಯುತ್ತಿತ್ತು. ಆ ಕಂಪೆನಿ ಫಿಲ್ಮ್ ಮಾರುವ ಕಂಪೆನಿಯಾದ್ದರಿಂದ ಆ ಕೂಸನ್ನು ಮುದ್ದಿನಿಂದೇನೂ ಬೆಳೆಸಲಿಲ್ಲ. 2012ರ ಜನವರಿಯಲ್ಲಿ ಕೊಡಾಕ್ ದಿವಾಳಿ ರಕ್ಷಣೆಗಾಗಿ ನ್ಯಾಯಾಲಯದ ಮೆಟ್ಟಿಲು ಹತ್ತಬೇಕಾಯಿತು. ಅದಕ್ಕೂ ಮುಂಚೆ 2004ರಲ್ಲಿ ಇಂಗ್ಲೆಂಡಿನ ಇಲ್‌ಫೋರ್ಡ್, 2005ರಲ್ಲಿ ಜರ್ಮನಿಯ ಆಗ್ಫಾ ಫೋಟೊ ಕುಸಿದಿದ್ದವು. ಇವುಗಳಲ್ಲಿ ಇಲ್‌ಫೋರ್ಡ್‌ನ ಕಪ್ಪುಬಿಳುಪು ವಿಭಾಗವನ್ನು ಅದರ ಹಳೆಯ ವ್ಯವಸ್ಥಾಪಕರೇ ಕೊಂಡು ಉಳಿಸಿಕೊಂಡರು. ಇಂದಿಗೂ ಕತ್ತಲಕೋಣೆಯ ಕಾಗದ ಹೊಸದಾಗಿ ಸಿಗುತ್ತಿರುವುದಕ್ಕೆ ಅದೂ ಒಂದು ಕಾರಣ.

ಕತ್ತಲಕೋಣೆ ಸತ್ತಿತು, ಡಿಜಿಟಲ್ ಬಂತು ಎಂದು ನಾವು ಸಾಮಾನ್ಯವಾಗಿ ಹೇಳುತ್ತೇವೆ. ಇದು ಪೂರ್ತಿ ನಿಜವಲ್ಲ. 2000ದ ದಶಕದಲ್ಲಿ ಊರೂರಿನ ಕಲರ್ ಲ್ಯಾಬುಗಳಿಗೆ ಬೀರುವಿನಷ್ಟು ದೊಡ್ಡ ಯಂತ್ರಗಳು ಬಂದವು. ನಾವು ಮೆಮೊರಿ ಕಾರ್ಡ್ ಕೊಡುತ್ತಿದ್ದೆವು, ಯಂತ್ರದ ಇನ್ನೊಂದು ತುದಿಯಿಂದ ಮದುವೆಯ ಫೋಟೊಗಳು ಬೆಚ್ಚಗೆ ಹೊರಬರುತ್ತಿದ್ದವು. ಅದನ್ನು ದೊಡ್ಡ ಪ್ರಿಂಟರ್ ಎಂದೇ ಎಲ್ಲರೂ ಭಾವಿಸಿದ್ದರು. ಆದರೆ ಆ ಯಂತ್ರದೊಳಗೆ ಶಾಯಿ ಇರಲಿಲ್ಲ. ಕೆಂಪು, ಹಸಿರು, ನೀಲಿ ಲೇಸರ್ ಕಿರಣಗಳು ಬೆಳ್ಳಿ ಲವಣದ ಕಾಗದದ ಮೇಲೆ ಸಾಲುಸಾಲಾಗಿ ಚಿತ್ರ ಬರೆಯುತ್ತಿದ್ದವು. ಆಮೇಲೆ ಆ ಕಾಗದ ರಾಸಾಯನಿಕದ ತೊಟ್ಟಿಗಳಲ್ಲಿ ಮುಳುಗೇಳುತ್ತಿತ್ತು. ಅಂದರೆ ಕತ್ತಲಕೋಣೆ ಸತ್ತಿರಲಿಲ್ಲ, ಪೆಟ್ಟಿಗೆಯೊಂದರ ಒಳಗೆ ಸೇರಿಕೊಂಡಿತ್ತು. ನಮ್ಮ ಅನೇಕ ಮದುವೆ ಆಲ್ಬಮ್‌ಗಳು ನಮಗೇ ಗೊತ್ತಿಲ್ಲದಂತೆ ಡಿಜಿಟಲ್ ಚಿತ್ರಗಳ ಕತ್ತಲಕೋಣೆ ಪ್ರಿಂಟುಗಳೇ ಆಗಿವೆ.

ನಿಜವಾಗಿ ಬದಲಾದದ್ದು ಬೇರೆ. ನೆಗೆಟಿವ್ ಇಲ್ಲವಾಯಿತು. ಕಣ್ಣು ಓದಬಲ್ಲ ಮೂಲದ ಜಾಗಕ್ಕೆ ಯಂತ್ರ ಮಾತ್ರ ಓದಬಲ್ಲ ಮೂಲ ಬಂತು. ಮೊದಲು ಸೀಡಿ ಕೊಟ್ಟರು, ಈಗ ಅದನ್ನು ಓದುವ ಡ್ರೈವ್ ಹೊಸ ಕಂಪ್ಯೂಟರುಗಳಲ್ಲಿ ಅಪರೂಪ. ನಮ್ಮ ಬಳಗದ ಒಬ್ಬರು ಮಗಳ ಮದುವೆಯ ಚಿತ್ರಗಳನ್ನೆಲ್ಲ ಒಂದು ಹಾರ್ಡ್ ಡಿಸ್ಕಿನಲ್ಲಿ ಜೋಪಾನ ಮಾಡಿದ್ದರು. ಒಂದು ದಿನ ಅದು ಟಿಕ್ ಟಿಕ್ ಎಂದು ಸದ್ದು ಮಾಡಿ ಸುಮ್ಮನಾಯಿತು. ನೀರು ಬಿದ್ದ ಆಲ್ಬಮ್ಮಿನಲ್ಲಿ ಅರ್ಧ ಮುಖವಾದರೂ ಉಳಿಯುತ್ತದೆ. ಸತ್ತ ಡಿಸ್ಕಿನಲ್ಲಿ ಅವರಿಗೆ ಏನೂ ಉಳಿಯಲಿಲ್ಲ. ಅಂತರ್ಜಾಲದ ಶಿಲ್ಪಿಗಳಲ್ಲಿ ಒಬ್ಬರಾದ ವಿಂಟ್ ಸರ್ಫ್ ಅವರೇ 2015ರಲ್ಲಿ, ನಮ್ಮ ಕಾಲ ಮುಂದಿನವರ ಪಾಲಿಗೆ ಒಂದು ಡಿಜಿಟಲ್ ಅಂಧಕಾರ ಯುಗವಾಗಬಹುದು, ನಿಮಗೆ ನಿಜಕ್ಕೂ ಬೇಕಾದ ಫೋಟೊಗಳಿದ್ದರೆ ಪ್ರಿಂಟ್ ಹಾಕಿಸಿಕೊಳ್ಳಿ ಎಂದು ಎಚ್ಚರಿಸಿದ್ದರು.

ಮತ್ತೆ ನೆಗೆಟಿವ್

ಕಳೆದುಹೋದ ನೆಗೆಟಿವನ್ನು ಕಂಪ್ಯೂಟರಿನಿಂದಲೇ ಮರಳಿ ಪಡೆಯಬಹುದು ಎಂದು ಯೋಚಿಸಿದವರು ಆಗಲೇ ಇದ್ದರು. 1990ರ ದಶಕದ ಮೊದಲ ಭಾಗದಲ್ಲಿ ಅಮೆರಿಕದ ಛಾಯಾಗ್ರಾಹಕ ಡಾನ್ ಬರ್ಕ್‌ಹೋಲ್ಡರ್, ಪತ್ರಿಕೆಗಳ ಪುಟಗಳಿಗೆ ಫಿಲ್ಮ್ ತೆಗೆಯುವ ಮುದ್ರಣ ಯಂತ್ರದಿಂದ ತಮ್ಮ ಡಿಜಿಟಲ್ ಚಿತ್ರಗಳ ನೆಗೆಟಿವ್ ತೆಗೆಸಿದರು. ಅದನ್ನು ಪ್ಲಾಟಿನಂ ಲವಣ ಬಳಿದ ಕಾಗದಕ್ಕೆ ಒತ್ತಿಹಿಡಿದು ಪ್ರಿಂಟ್ ಮಾಡಿದರು. ಪ್ಲಾಟಿನಂ ವಿಧಾನ 1873ರಷ್ಟು ಹಳೆಯದು. ಅದಕ್ಕೆ ಪ್ರಿಂಟಿನಷ್ಟೇ ದೊಡ್ಡ ನೆಗೆಟಿವ್ ಬೇಕು. ದೊಡ್ಡ ಕ್ಯಾಮರಾ ಇಲ್ಲದವರಿಗೆ ಅದು ಕೈಗೆಟುಕದ ಮಾತಾಗಿತ್ತು. ಕಂಪ್ಯೂಟರ್ ಆ ಬಾಗಿಲನ್ನು ತೆರೆಯಿತು. 1995ರಲ್ಲಿ ಅವರು ಈ ಬಗ್ಗೆ ಒಂದು ಕೈಪಿಡಿ ಬರೆದರು. ನಂತರ ಶಾಯಿ ಚಿಮ್ಮಿಸುವ ಸಾಮಾನ್ಯ ಪ್ರಿಂಟರುಗಳು ಸುಧಾರಿಸಿದಂತೆ ಪಾರದರ್ಶಕ ಹಾಳೆಯ ಮೇಲೆ ಮನೆಯಲ್ಲೇ ನೆಗೆಟಿವ್ ತೆಗೆಯುವುದು ಸಾಧ್ಯವಾಯಿತು.

ಇದು ಹವ್ಯಾಸಿಗಳ ಹುಚ್ಚು ಮಾತ್ರ ಎನ್ನುವವರು ಸೆಬಾಸ್ಟಿಯೋ ಸಲ್ಗಾಡೊ ಅವರನ್ನು ನೆನೆಯಬೇಕು. ಬ್ರೆಜಿಲ್‌ನ ಈ ಮಹಾನ್ ಛಾಯಾಗ್ರಾಹಕ 2025ರ ಮೇ ತಿಂಗಳಲ್ಲಿ ತೀರಿಕೊಂಡರು. ದುಡಿಯುವವರ ಮತ್ತು ವಲಸಿಗರ ಕಪ್ಪುಬಿಳುಪು ಚಿತ್ರಗಳಿಂದ ಜಗತ್ತಿನ ಕಣ್ಣು ತೆರೆಸಿದವರು. ಧನಬಾದಿನ ಕಲ್ಲಿದ್ದಲು ಕಾರ್ಮಿಕರನ್ನೂ ಸೆರೆಹಿಡಿದವರು. ಮನುಷ್ಯನ ಕೈ ಹೆಚ್ಚು ತಾಗದ ಭೂಮಿಯನ್ನು ಕುರಿತ 'ಜೆನೆಸಿಸ್' ಯೋಜನೆಯನ್ನು ಅವರು 2004ರಲ್ಲಿ ಫಿಲ್ಮ್ ಕ್ಯಾಮರಾದಿಂದ ಶುರುಮಾಡಿದರು. ಆದರೆ 2001ರ ನಂತರ ವಿಮಾನ ನಿಲ್ದಾಣಗಳ ತಪಾಸಣೆ ಬಿಗಿಯಾಯಿತು. ಹತ್ತಾರು ನಿಲ್ದಾಣಗಳ ಎಕ್ಸ್‌ರೇ ಯಂತ್ರಗಳನ್ನು ಹಾದುಬರುವ ಹೊತ್ತಿಗೆ ಫಿಲ್ಮಿನ ಗುಣ ಕೆಡುತ್ತಿತ್ತು. 2008ರಲ್ಲಿ ಅವರು ಡಿಜಿಟಲ್ ಕ್ಯಾಮರಾ ಹಿಡಿದರು.

ಹಿಡಿದರೇನಂತೆ, ಕೆಲಸದ ರೀತಿಯನ್ನು ಬಿಡಲಿಲ್ಲ. ಚಿತ್ರಗಳನ್ನು ಕಂಪ್ಯೂಟರಿನ ಪರದೆಯ ಮೇಲೆ ಆರಿಸುವುದು ಅವರಿಗೆ ಒಗ್ಗಲಿಲ್ಲ. ಎಲ್ಲವನ್ನೂ ಸಣ್ಣ ಸಣ್ಣ ಚಿತ್ರಗಳ ಹಾಳೆಗಳಾಗಿ ಪ್ರಿಂಟ್ ಹಾಕಿಸಿ, ಭೂತಗನ್ನಡಿ ಹಿಡಿದು, ಮೊದಲಿನಂತೆಯೇ ಆರಿಸುತ್ತಿದ್ದರು. ಆರಿಸಿದ ಚಿತ್ರಗಳನ್ನು ಪ್ಯಾರಿಸ್ಸಿನ ಲ್ಯಾಬಿನಲ್ಲಿ ನಾಲ್ಕು ಇಂಚು ಅಗಲ, ಐದು ಇಂಚು ಉದ್ದದ ನಿಜವಾದ ಫಿಲ್ಮಿನ ಮೇಲೆ ನೆಗೆಟಿವ್‌ಗಳಾಗಿ ಬರೆಯಿಸಲಾಗುತ್ತಿತ್ತು. ಆ ನೆಗೆಟಿವ್‌ಗಳು ಕತ್ತಲಕೋಣೆಗೆ ಹೋಗಿ ಬೆಳ್ಳಿಯ ಕಾಗದದ ಮೇಲೆ ಪ್ರಿಂಟುಗಳಾಗುತ್ತಿದ್ದವು. 2013ರಲ್ಲಿ ಲಂಡನ್ನಿನಲ್ಲಿ ಪ್ರದರ್ಶನ ಶುರುವಾದಾಗ ಗೋಡೆಯ ಮೇಲಿದ್ದ ಚಿತ್ರಗಳಲ್ಲಿ ಯಾವುದು ಫಿಲ್ಮಿನದು, ಯಾವುದು ಡಿಜಿಟಲ್ಲಿನದು ಎಂದು ಗುರುತಿಸುವುದು ಸುಲಭವಾಗಿರಲಿಲ್ಲ. ಮುಂದೊಂದು ದಿನ ಕಂಪ್ಯೂಟರಿನ ಕಡತಗಳೆಲ್ಲ ಹಾಳಾದರೂ ಆ ನೆಗೆಟಿವ್‌ಗಳನ್ನು ಬೆಳಕಿಗೆ ಹಿಡಿದು ನೋಡಬಹುದು. ಗ್ರೀನ್‌ಲಾನ ಹಂಪಿಯಂತೆ.

ನೀಲನಕ್ಷೆ

ಪ್ಯಾರಿಸ್ಸಿನ ಲ್ಯಾಬು, ಪ್ಲಾಟಿನಂ ಕಾಗದ ಇವೆಲ್ಲ ನಮ್ಮ ಕೈಗೆ ನಿಲುಕುವುದಿಲ್ಲ. ಆದರೆ ನಿಲುಕುವ ಒಂದು ದಾರಿ ಇದೆ, ಅದರ ಹೆಸರನ್ನು ನಮ್ಮ ಪತ್ರಿಕೆಗಳು ಆಗಾಗ ಅಚ್ಚುಹಾಕುತ್ತವೆ. ಸರಕಾರ ಯೋಜನೆಯೊಂದಕ್ಕೆ ನೀಲನಕ್ಷೆ ಸಿದ್ಧಪಡಿಸಿದೆ ಎಂಬ ಸುದ್ದಿ ಓದದವರಿಲ್ಲ. ನಕ್ಷೆ ನೀಲಿ ಯಾಕೆ ಎಂದು ಕೇಳಿದವರು ಕಡಿಮೆ. 1842ರಲ್ಲಿ ಅದೇ ಜಾನ್ ಹರ್ಷೆಲ್ ಬೆಳ್ಳಿಯನ್ನು ಬಿಟ್ಟು ಕಬ್ಬಿಣದ ಲವಣಗಳಿಂದ ಚಿತ್ರ ಮೂಡಿಸುವ ವಿಧಾನ ಕಂಡುಹಿಡಿದ. ಸಯನೋಟೈಪ್ ಎಂದು ಅದರ ಹೆಸರು. ಎಂಜಿನಿಯರುಗಳು ತೆಳುಕಾಗದದ ಮೇಲಿನ ನಕ್ಷೆಗಳ ಪ್ರತಿ ತೆಗೆಯಲು ಅದನ್ನು ಬಳಸಿದರು. ನೀಲಿ ನೆಲದ ಮೇಲೆ ಬಿಳಿ ಗೆರೆಗಳ ಆ ಹಾಳೆಯೇ ನೀಲನಕ್ಷೆ. ಹಾಳೆಯ ಬಳಕೆ ಹೋಯಿತು, ಮಾತು ಉಳಿಯಿತು. ಅದಕ್ಕೂ ಮೊದಲೇ, 1843ರಿಂದ, ಆ್ಯನಾ ಅಟ್ಕಿನ್ಸ್ ಎಂಬ ಮಹಿಳೆ ಸಮುದ್ರಪಾಚಿಗಳನ್ನು ಆ ಕಾಗದದ ಮೇಲಿಟ್ಟು ಬಿಸಿಲಿಗೊಡ್ಡಿ ಪುಸ್ತಕವನ್ನೇ ಹೊರತಂದಿದ್ದಳು. ಫೋಟೊಗಳಿಂದ ಕೂಡಿದ ಮೊದಲ ಪುಸ್ತಕ ಅದು.

ಕೆಲವು ಗೆಳೆಯರು ಸೇರಿ ನಾವು ಇದನ್ನೇ ಕೈಗೆತ್ತಿಕೊಂಡೆವು. ಬೇಕಾದ ರಾಸಾಯನಿಕಗಳು ಎರಡೇ. ಫೆರಿಕ್ ಅಮೋನಿಯಂ ಸಿಟ್ರೇಟ್, ಪೊಟ್ಯಾಸಿಯಂ ಫೆರಿಸಯನೈಡ್. ಎರಡನ್ನೂ ಬೇರೆ ಬೇರೆ ನೀರಿನಲ್ಲಿ ಕರಗಿಸಿ, ಸಮಪಾಲು ಬೆರೆಸಿ, ಮಂದ ಬೆಳಕಿನಲ್ಲಿ ದಪ್ಪ ಕಾಗದಕ್ಕೆ ಬ್ರಶ್ಶಿನಿಂದ ಬಳಿದು ಒಣಗಿಸಬೇಕು. ಕೈಗವಸು ಹಾಕಿಕೊಳ್ಳಬೇಕು, ಅಡುಗೆಯ ಪಾತ್ರೆ ಬಳಸಬಾರದು. ಇಲ್ಲಿ ಕೆಂಪು ಬಲ್ಬಿನ ಕೋಣೆಯೂ ಬೇಡ, ಕಿಟಕಿಗೆ ಪರದೆ ಎಳೆದರೆ ಸಾಕು. ಆ ಕಾಗದದ ಮೇಲೆ ಪಾರದರ್ಶಕ ಹಾಳೆಯ ನೆಗೆಟಿವ್ ಇಟ್ಟು, ಗಾಜು ಮುಚ್ಚಿ ಬಿಸಿಲಿಗೆ ಇಡಬೇಕು. ಬಿಸಿಲಿನ ಅತಿನೇರಳೆ ಕಿರಣ ತಾಗಿದಲ್ಲಿ ಕಬ್ಬಿಣ ರೂಪಾಂತರಗೊಂಡು, ಎರಡನೆಯ ಲವಣದೊಡನೆ ಸೇರಿ, ನೀರಲ್ಲಿ ಕರಗದ ಗಾಢ ನೀಲಿಯಾಗುತ್ತದೆ. ತಾಗದ ಕಡೆ ಇದ್ದದ್ದು ತೊಳೆದಾಗ ಹರಿದು ಹೋಗುತ್ತದೆ.

ಹೇಳಲು ಸುಲಭ. ನಮ್ಮ ಮೊದಲ ಹತ್ತು ಪ್ರಿಂಟುಗಳು ಕೆಟ್ಟವು. ಪರದೆಯ ಮೇಲೆ ಚೆನ್ನಾಗಿದ್ದ ಚಿತ್ರವನ್ನು ಹಾಗೆಯೇ ತಿರುವಿ ನೆಗೆಟಿವ್ ಮಾಡಿದರೆ ಕಾಗದದ ಮೇಲೆ ಮುಖ ಸುಣ್ಣ ಬಳಿದಂತೆ, ಬಟ್ಟೆ ಮಸಿಯಂತೆ ಕಾಣುತ್ತಿತ್ತು. ಪರದೆಯ ಬಿಳುಪು ಕಪ್ಪುಗಳ ನಡುವಿನ ಮೆಟ್ಟಿಲುಗಳು ಬೇರೆ, ಕಬ್ಬಿಣದ ಮೆಟ್ಟಿಲುಗಳು ಬೇರೆ. ಅದಕ್ಕೆ ಬಲ್ಲವರು ಮಾಡುವುದೇನೆಂದರೆ, ಬಿಳಿಯಿಂದ ಕಪ್ಪಿನವರೆಗೆ 21 ಹಂತಗಳಿರುವ ಒಂದು ಪಟ್ಟಿಯನ್ನು ಮೊದಲು ಪ್ರಿಂಟ್ ಮಾಡಿ, ಯಾವ ಹಂತ ಎಲ್ಲಿ ಬಿದ್ದಿದೆ ಎಂದು ನೋಡಿ, ಅದಕ್ಕೆ ತಕ್ಕಂತೆ ಕಂಪ್ಯೂಟರಿನಲ್ಲಿ ಚಿತ್ರದ ಹದವನ್ನು ತಿದ್ದುವುದು. ನೀರಿನ ಪಾಠವನ್ನೂ ಕಲಿಯಬೇಕಾಯಿತು. ಆ ನೀಲಿಗೆ ಕ್ಷಾರ ಆಗದು. ನಮ್ಮ ಬೋರ್‌ವೆಲ್ಲಿನ ಗಡಸು ನೀರಿನಲ್ಲಿ ತೊಳೆದಾಗ ಚಿತ್ರ ಕಣ್ಣೆದುರೇ ಪೇಲವವಾಯಿತು. ಮೊದಲ ತೊಳೆತದ ನೀರಿಗೆ ತುಸು ನಿಂಬೆ ಉಪ್ಪು ಹಾಕಿದ ಮೇಲೆ ನೀಲಿ ನಿಂತಿತು.

ಈ ಶ್ರಮ ಯಾಕೆ ಎಂಬ ಪ್ರಶ್ನೆಗೆ ಪ್ರಾಮಾಣಿಕವಾಗಿ ಉತ್ತರಿಸಬೇಕು. ಬಾಳಿಕೆಯೊಂದೇ ಕಾರಣವಾದರೆ, ಒಳ್ಳೆಯ ವರ್ಣದ್ರವ್ಯದ ಶಾಯಿಯಲ್ಲಿ, ಒಳ್ಳೆಯ ಕಾಗದದ ಮೇಲೆ ತೆಗೆದ ಪ್ರಿಂಟು ಕೂಡ ಬಹುಕಾಲ ಬಾಳುತ್ತದೆ. ಸಯನೋಟೈಪಿನ ನೀಲಿಯೂ ಬಿಸಿಲಿಗೆ ತೂಗುಹಾಕಿದರೆ ಮಾಸುತ್ತದೆ; ಕತ್ತಲಲ್ಲಿಟ್ಟರೆ ಸ್ವಲ್ಪ ಮಟ್ಟಿಗೆ ಮರಳುತ್ತದೆ. ಬೆಳ್ಳಿಯ ಪ್ರಿಂಟುಗಳನ್ನು ಸರಿಯಾಗಿ ತೊಳೆಯದಿದ್ದರೆ ಕೆಲವೇ ವರ್ಷಗಳಲ್ಲಿ ಹಳದಿಯಾಗುತ್ತವೆ. ಕಡತವನ್ನು ನಾಲ್ಕು ಕಡೆ ನಕಲಿಟ್ಟು, ಕಾಲಕಾಲಕ್ಕೆ ಹೊಸ ಡಿಸ್ಕಿಗೆ ದಾಟಿಸುವ ಶಿಸ್ತು ಇರುವವರಿಗೆ ಭಯವೂ ಇಲ್ಲ. ಆದರೆ ಅಂಥ ಶಿಸ್ತು ಸರಕಾರಿ ದಫ್ತರಖಾನೆಗಳಲ್ಲೇ ಕಷ್ಟ. ನಮ್ಮ ನಿಮ್ಮ ಮನೆಗಳಲ್ಲಿ ಎಲ್ಲಿಂದ ಬರಬೇಕು?

ನಮಗೆ ಕಂಡ ಕಾರಣ ಬೇರೆ. ಒಂದು ಪ್ರಿಂಟಿಗೆ ಅರ್ಧ ದಿನ ಬೇಕೆಂದಾದಾಗ ಸಾವಿರ ಚಿತ್ರಗಳಲ್ಲಿ ಒಂದನ್ನು ಆರಿಸಲೇಬೇಕಾಗುತ್ತದೆ. ಇದು ಉಳಿಯಲಿ ಎಂದು ಯಾರೋ ಒಬ್ಬರು ತೀರ್ಮಾನಿಸಬೇಕಾಗುತ್ತದೆ. ಫೋನಿನಲ್ಲಿ ಎಲ್ಲವೂ ಇರುವುದರಿಂದ ಅಂಥ ತೀರ್ಮಾನ ಮಾಡುವ ಪ್ರಸಂಗವೇ ಬರುವುದಿಲ್ಲ. ಯಾರೂ ಆರಿಸದ್ದನ್ನು ಮುಂದೆ ಯಾರೂ ಹುಡುಕುವುದೂ ಇಲ್ಲ. ಗ್ರೀನ್‌ಲಾ ತನ್ನ ಭಾರದ ಕ್ಯಾಮರಾವನ್ನು ಆ ಕಲ್ಲಿನ ರಥದ ಮುಂದೆ ಹೂಡಿದ್ದು ಒಂದು ತೀರ್ಮಾನ. ಸಲ್ಗಾಡೊ ಭೂತಗನ್ನಡಿಯಲ್ಲಿ ಒಂದನ್ನು ಗುರುತು ಹಾಕಿದ್ದು ಇನ್ನೊಂದು. ದೊಡ್ಡವರ, ದೊಡ್ಡ ಸ್ಥಳಗಳ ಚಿತ್ರಗಳನ್ನು ಸಂಗ್ರಹಾಲಯಗಳು ಕಾಯುತ್ತವೆ. ಬೀಡಿ ಕಟ್ಟುವವರ, ಮೀನು ಮಾರುವವರ, ಗ್ಯಾರೇಜಿನ ಹುಡುಗರ ಮುಖಗಳನ್ನು ಕಾಯುವವರು ಅವರ ಮನೆಯವರೇ. ಚಿತ್ರಗಳೇ ಇಲ್ಲದ ಕಾಲದಲ್ಲಿ ನಾವು ಚರಿತ್ರೆಯಿಂದ ಬಿಟ್ಟುಹೋದೆವು. ಚಿತ್ರಗಳು ಅತಿಯಾದ ಕಾಲದಲ್ಲೂ ಬಿಟ್ಟುಹೋಗಬಹುದು.

ಕೊನೆಗೆ ನಾವು ಅಜ್ಜಿಯ ಆ ಪುಟ್ಟ ಫೋಟೊವನ್ನು ಸ್ಕ್ಯಾನ್ ಮಾಡಿದೆವು. ಸ್ಟುಡಿಯೋ ಮುಚ್ಚಿ ಎಷ್ಟೋ ವರ್ಷವಾಗಿದೆ, ಅದರ ನೆಗೆಟಿವ್ ಎಂದೋ ಕಳೆದುಹೋಗಿದೆ. ಕಂಪ್ಯೂಟರ್ ಅದಕ್ಕೆ ಹೊಸ ನೆಗೆಟಿವ್ ಕೊಟ್ಟಿತು. ಕೆನ್ನೆಯ ಮೇಲಿದ್ದ ಸೀಲಿನ ಕಲೆಯನ್ನು ತಿದ್ದಬೇಕೇ ಎಂಬ ಚರ್ಚೆ ನಡೆಯಿತು. ಬೇಡ, ಅದೂ ಅವರ ಯಾತ್ರೆಯ ಗುರುತು ಎಂದು ಹಾಗೆಯೇ ಬಿಟ್ಟೆವು. ಮಾರ್ಚ್ ತಿಂಗಳ ಬಿಸಿಲು, ಹತ್ತು ನಿಮಿಷ. ಬಾಲ್ದಿಯ ನೀರಿನಲ್ಲಿ ಹಸಿರು ಹಳದಿ ಹರಿದುಹೋಗಿ, ಸೆರಗಿನ ಅಂಚು, ಮೂಗುಬೊಟ್ಟು, ಆಮೇಲೆ ಕಣ್ಣುಗಳು ಒಂದೊಂದಾಗಿ ಎದ್ದು ಬಂದವು. ಅಜ್ಜಿಗೆ ಏಳು ಜನ ಮಕ್ಕಳು. ಏಳು ಪ್ರಿಂಟು ತೆಗೆದೆವು. ಅವರಲ್ಲಿ ಬದುಕಿರುವ ಕಿರಿಯ ಮಗಳು, ನಮ್ಮ ಚಿಕ್ಕಮ್ಮ, ಒದ್ದೆ ಕಾಗದವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಬಹಳ ಹೊತ್ತು ನೋಡಿದರು.

"ಅಮ್ಮ ಇಷ್ಟು ಚಿಕ್ಕವರಿದ್ದರಾ?" ಎಂದರು. ಅಷ್ಟೇ ಹೇಳಿದ್ದು.

ಆ ನೆಗೆಟಿವ್ ಹಾಳೆಯನ್ನು ಈಗ ಒಂದು ಕಾಗದದ ಲಕೋಟೆಯಲ್ಲಿಟ್ಟು ಟ್ರಂಕಿಗೆ ಹಾಕಿದ್ದೇವೆ. ಮೇಲೆ ಅಜ್ಜಿಯ ಹೆಸರು, ಊರು, ವರ್ಷ ಬರೆದಿದ್ದೇವೆ. ಜತೆಗೆ ಮಗುವಿನ ಸಾವಿರ ಚಿತ್ರಗಳಿಂದ ಆರಿಸಿದ ಒಂದರ ನೆಗೆಟಿವ್ ಕೂಡ ಇದೆ. ಯಾವುದನ್ನು ಆರಿಸುವುದು ಎಂದು ಮಗುವಿನ ಅಪ್ಪ ಅಮ್ಮ ಒಂದು ವಾರ ಜಗಳವಾಡಿದರು. ಆ ಜಗಳ ನಮಗೆ ಇಷ್ಟವಾಯಿತು.